ಒಂದೂವರೆ ವರ್ಷ ಒಬ್ರೂ ಥೈರಾಯ್ಡ್ ಟೆಸ್ಟ್ ಬರೀಲಿಲ್ಲ

ಮೂರು ದಿನದಿಂದ ಹೊಟ್ಟೆಯೊಳಗೆ ಇಟ್ಕೊಂಡಿದೀನಿ, ಇನ್ನು ಆಗಲ್ಲ, ಬರೆದು ಹಾಕ್ತೀನಿ.

ಅಮ್ಮಂಗೆ ಒಂದೂವರೆ ವರ್ಷದಿಂದ ಅಮಿಯೋಡರೋನ್ ಅನ್ನೋ ಮಾತ್ರೆ ನಡೀತಿದೆ. ಎದೆ ಬಡಿತ ಎರ್ರಾಬಿರ್ರಿ ಆಗ್ತಿತ್ತು, ಏಟ್ರಿಯಲ್ ಫಿಬ್ರಿಲೇಶನ್ ಅಂದ್ರು, ಬೇರೆ ಮಾತ್ರೆಗೆ ಹಿಡಿತಕ್ಕೆ ಬರ್ಲಿಲ್ಲ ಅಂತ ಇದನ್ನ ಶುರು ಮಾಡಿದ್ರು, 200 ಮಿಲಿಗ್ರಾಂದು ಮೊದಲ ವಾರ ದಿನಕ್ಕೆ ಮೂರು, ಮುಂದಿನ ವಾರ ಎರಡು, ಆಮೇಲಿಂದ ಒಂದು. ಬಡಿತ ಸರಿ ಹೋಯ್ತು, ಅದನ್ನ ನಾನು ಇಲ್ಲ ಅನ್ನಲ್ಲ. ಮಧ್ಯರಾತ್ರಿ ಎದೆ ಹಿಡ್ಕೊಂಡು ಎದ್ದು ಕೂರೋದು ನಿಂತಿತು. ನನ್ನ ಸಿಟ್ಟು ಮಾತ್ರೆ ಮೇಲಲ್ಲ, ಅದನ್ನ ಬರೆದುಕೊಟ್ಟು ಆಮೇಲೆ ತಿರುಗಿ ನೋಡದೆ ಇದ್ದೋರ ಮೇಲೆ.

ಏಳೆಂಟು ತಿಂಗಳಿಂದ ಅಮ್ಮ ಅಮ್ಮನ ಥರಾನೇ ಇರ್ಲಿಲ್ಲ. ನಾವೆಲ್ಲ ಸೆಖೆ ಅಂತ ಒದ್ದಾಡ್ತಿದ್ರೆ ಇವರು ಸ್ವೆಟರ್ ಹಾಕ್ಕೊಂಡು, ಕಾಲಿಗೆ ಕಂಬಳಿ ಸುತ್ಕೊಂಡು, ಫ್ಯಾನ್ ಆಫ್ ಮಾಡು ಅಂತಿದ್ರು. ಮುಖ ಊದ್ಕೊಂಡು, ಧ್ವನಿ ಒರಟಾಗಿ, ಬಾಚಣಿಗೆ ತುಂಬ ಕೂದಲು, ಒಂದು ಮಾತು ಕೇಳಿದ್ರೆ ಉತ್ತರ ಬರೋಕೆ ಎರಡು ಸಲ ಕೂಗ್ಬೇಕು. ಪ್ರತಿ ಚೆಕಪ್‌ನಲ್ಲೂ ಹೇಳಿದೀವಿ, ತುಂಬಾ ಸುಸ್ತು ಡಾಕ್ಟ್ರೇ, ಇಡೀ ದಿನ ಮಲಗೇ ಇರ್ತಾರೆ ಅಂತ. ಇಸಿಜಿ ತೆಗೀತಿದ್ರು, ರಿದಮ್ ಚೆನ್ನಾಗಿದೆ ಅಂತಿದ್ರು, ವಯಸ್ಸಾಯ್ತಲ್ಲ ಅಂತಿದ್ರು, ಅದೇ ಮಾತ್ರೆ ಮುಂದುವರಿಸಿ ಅಂತ ಬರೆದು ಕಳಿಸ್ತಿದ್ರು. ಒಂದು ಸಲ ಮಾತ್ರೆ ಬಾಕ್ಸ್‌ನಲ್ಲಿದ್ದ ಚೀಟಿ ಓದಿ ಇದರಿಂದ ಥೈರಾಯ್ಡ್‌ಗೆ ಏನಾದ್ರೂ ಆಗುತ್ತಾ ಅಂತ ಕೇಳಿದ್ದಕ್ಕೆ, ಅದನ್ನೆಲ್ಲ ಓದ್ಕೊಂಡು ತಲೆ ಕೆಡಿಸ್ಕೋಬೇಡಿ ಅಂದ್ರು. ಸರಿ ಅಂತ ಬಾಯ್ ಮುಚ್ಕೊಂಡು ಬಂದೆ, ಇವತ್ತಿಗೂ ಅದೇ ಕೊರೀತಿದೆ ನಂಗೆ.

ಕೊನೆಗೆ ಕಂಡುಹಿಡಿದಿದ್ದು ಯಾರು ಗೊತ್ತಾ, ಮಂಡಿನೋವಿಗೆ ಅಂತ ಹೋಗಿದ್ದ ಡಾಕ್ಟ್ರು. ಏನೇನು ಮಾತ್ರೆ ತಗೋತೀರಾ ಅಂತ ಕೇಳಿ, ಸ್ಟ್ರಿಪ್ ತಿರುಗಿಸಿ ಹೆಸರು ನೋಡಿ, ಅಮ್ಮನ ಮುಖ ನೋಡಿ, ಥೈರಾಯ್ಡ್ ಕೊನೇದಾಗಿ ಯಾವಾಗ ಮಾಡಿಸಿದ್ದು ಅಂದ್ರು. ಮಾಡಿಸೇ ಇಲ್ಲ! ಟಿಎಸ್‌ಎಚ್ ಅಂತ ರಕ್ತದಲ್ಲಿ ನೋಡ್ತಾರಲ್ಲ, ಥೈರಾಯ್ಡ್ ಮಂದ ಆದ್ರೆ ಏರೋದು, ಅದು 48 ಬಂತು, ಇರ್ಬೇಕಾಗಿದ್ದು ನಾಲ್ಕು ನಾಲ್ಕೂವರೆ ಒಳಗೆ.

ಅವರೇ ಕೂರಿಸ್ಕೊಂಡು ಬಿಡಿಸಿ ಹೇಳಿದ್ರು. ಈ ಔಷಧಿ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅಯೋಡಿನ್ನೇ ಅಂತೆ, ಒಂದು 200ರ ಮಾತ್ರೆಲಿ ಸುಮಾರು 75 ಮಿಲಿಗ್ರಾಂ. ಮೈಗೆ ದಿನಕ್ಕೆ ಬೇಕಾಗೋದು 150 ಮೈಕ್ರೋಗ್ರಾಂ. ಮಾತ್ರೆಲಿರೋದೆಲ್ಲ ಒಂದೇ ಸಲ ಬಿಡುಗಡೆ ಆಗಲ್ಲ, ಆದ್ರೂ ದಿನಾ ಹತ್ತಾರು ಪಟ್ಟು ಜಾಸ್ತಿ ಬೀಳ್ತಾನೇ ಇರುತ್ತೆ, ಥೈರಾಯ್ಡ್ ಕೆಲವರಿಗೆ ಮಂದ ಆಗುತ್ತೆ, ಕೆಲವರಿಗೆ ಉಲ್ಟಾ, ಅತಿಯಾಗಿ ಕೆಲಸ ಮಾಡೋಕೆ ಶುರು ಮಾಡುತ್ತೆ. ಅದಕ್ಕೇ ಶುರು ಮಾಡೋ ಮುಂಚೆ ಒಂದ್ಸಲ, ಆಮೇಲೆ ಆರಾರು ತಿಂಗಳಿಗೆ ಥೈರಾಯ್ಡ್, ಲಿವರ್ ಎರಡೂ ನೋಡ್ಲೇಬೇಕು. ಶ್ವಾಸಕೋಶಕ್ಕೂ ಕಣ್ಣಿಗೂ ತೊಂದ್ರೆ ಆಗಬಹುದು, ಶ್ವಾಸಕೋಶಕ್ಕೆ ಅಂತ ಆರಂಭದಲ್ಲೇ ಎದೆ ಎಕ್ಸ್‌ರೇ ತೆಗೆದಿಟ್ಕೋಬೇಕು. 1960ರ ದಶಕದಿಂದ ಇರೋ ಔಷಧಿ ಇದು, ನಿನ್ನೆ ಮೊನ್ನೆ ಬಂದಿದ್ದಲ್ಲ, ಇದೆಲ್ಲ ಎಷ್ಟೋ ವರ್ಷದಿಂದ ಗೊತ್ತಿರೋ ವಿಷಯ. ಒಂದು ರಕ್ತದ ಟೆಸ್ಟ್, ಬೆಳಗ್ಗೆ ಕೊಟ್ರೆ ಸಂಜೆ ರಿಪೋರ್ಟ್, ಅದನ್ನ ಬರೆಯೋಕೆ ಎಷ್ಟು ಹೊತ್ತು ಬೇಕಿತ್ತು ಇವರಿಗೆ?

ಇನ್ನೂ ಒಂದು ಹೇಳ್ಬೇಕು. ಆ ಏಳೆಂಟು ತಿಂಗಳು ನಾನೂ ಅಮ್ಮನ ಮೇಲೆ ರೇಗಿದೀನಿ. ಸ್ವಲ್ಪ ಓಡಾಡಿ, ಮಲಗಿ ಮಲಗಿ ಮೈ ಭಾರ ಆಗ್ತಿದೆ ಅಂತ. ರಿಪೋರ್ಟ್ ಬಂದ ದಿನ ವಿಷಯ ಹೇಳಿದ್ರೆ ಅಮ್ಮ ಕೇಳಿದ್ದು ಒಂದೇ, ಹಂಗಾದ್ರೆ ನಾನು ಸೋಮಾರಿ ಆಗಿರ್ಲಿಲ್ಲ ಅಲ್ವಾ ಅಂತ. ನಂಗೆ ತಲೆ ಎತ್ತಿ ನೋಡೋಕಾಗ್ಲಿಲ್ಲ.

ಮಾತ್ರೆ ನಿಲ್ಲಿಸಿಲ್ಲ. ನಿಲ್ಲಿಸಿದ್ರೂ ಇದು ಕೊಬ್ಬಲ್ಲಿ ಸೇರ್ಕೊಂಡು ವಾರಗಟ್ಟಲೆ ತಿಂಗಳುಗಟ್ಟಲೆ ಮೈಯಲ್ಲೇ ಇರುತ್ತಂತೆ, ಬಡಿತ ಮತ್ತೆ ಕೆಟ್ರೆ ಅದು ಬೇರೆ ಕಷ್ಟ, ಅದಕ್ಕೆ ಇದರ ಜೊತೆಗೇ ಥೈರಾಕ್ಸಿನ್, ಅಂದ್ರೆ ಥೈರಾಯ್ಡ್ ಹಾರ್ಮೋನ್ ಮಾತ್ರೆ ಕೊಟ್ಟಿದಾರೆ. ನಿಮ್ಮನೇಲೂ ಯಾರಾದ್ರೂ ಇದನ್ನ ತಗೋತಿದ್ರೆ ದಯವಿಟ್ಟು ನೀವಾಗೇ ನಿಲ್ಲಿಸ್ಬೇಡಿ, ಆದ್ರೆ ಇವತ್ತೇ ಫೈಲ್ ತೆಗೆದು ಕೊನೇ ಟಿಎಸ್‌ಎಚ್ ಯಾವ ತಾರೀಖಿಂದು ನೋಡಿ.

ನಿನ್ನೆ ಮತ್ತೆ ಹಾರ್ಟ್ ಡಾಕ್ಟ್ರ ಹತ್ರ ಹೋಗಿದ್ವಿ. ರಿಪೋರ್ಟ್ ಟೇಬಲ್ ಮೇಲಿಟ್ಟೆ. ನೋಡಿದ್ರು, ಹೌದು ಇದರಲ್ಲಿ ಹೀಗಾಗುತ್ತೆ ಅಂದ್ರು. ಅಷ್ಟೇ. ಹೀಗಾಗುತ್ತೆ ಅಂತ ಗೊತ್ತಿತ್ತಲ್ಲ ಸ್ವಾಮಿ, ಮತ್ತೆ ನಮಗ್ಯಾಕೆ ಹೇಳ್ಲಿಲ್ಲ ಅಂದೆ, ಧ್ವನಿ ನಡುಗ್ತಿತ್ತು ನಂದು. ಉತ್ತರ ಕೊಡ್ಲಿಲ್ಲ, ಮುಂದಿನ ಪೇಷಂಟ್ ಕರೆದ್ರು. ಅಮ್ಮಂಗೆ ಎರಡು ವಾರದಿಂದ ಒಣ ಕೆಮ್ಮು ಬೇರೆ, ಎಕ್ಸ್‌ರೇ ಬರೆದುಕೊಡೋವರೆಗೂ ಕುರ್ಚಿ ಬಿಟ್ಟು ಏಳಲ್ಲ ಅಂತ ಕೂತೆ. ಬರೆದ್ರು. ನಾಳೆ ಬೆಳಗ್ಗೆ ಹೋಗ್ಬೇಕು.