ಲೂ ಡಾರ್ಟ್‌ನನ್ನು ಈಗಲೇ ಬಿಡಬೇಡಿ

2025ರ ಜೂನ್‌ನಲ್ಲಿ ಒಕ್ಲಹೋಮ ಸಿಟಿ ಥಂಡರ್ ತಂಡ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಗೆದ್ದಿತು. ಜುಲೈನಲ್ಲೇ ಮೂವರು ಆಟಗಾರರ ಜೊತೆ ಹೊಸ ಒಪ್ಪಂದ ಮಾಡಿಕೊಂಡಿತು. ಶೇ ಗಿಲ್ಜಸ್-ಅಲೆಕ್ಸಾಂಡರ್‌ಗೆ ನಾಲ್ಕು ವರ್ಷಕ್ಕೆ 28.5 ಕೋಟಿ ಡಾಲರ್. ಜೇಲೆನ್ ವಿಲಿಯಮ್ಸ್‌ಗೆ ಐದು ವರ್ಷಕ್ಕೆ ಹೆಚ್ಚೆಂದರೆ 28.7 ಕೋಟಿ. ಚೆಟ್ ಹೋಮ್‌ಗ್ರೆನ್‌ಗೆ ಐದು ವರ್ಷಕ್ಕೆ ಹೆಚ್ಚೆಂದರೆ 25 ಕೋಟಿ. ಮೂರೂ ಸರಿಯಾದ ತೀರ್ಮಾನ. ಆದರೆ ಅವತ್ತಿನಿಂದ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇನ್ನು ಯಾರನ್ನು ಕಳಿಸುತ್ತಾರೆ? ನನ್ನ ಉತ್ತರ, 2026-27ರಲ್ಲಿ ಯಾರನ್ನೂ ಕಳಿಸಬಾರದು, ಡಿಫೆನ್ಸ್‌ಗೆ ಹೆಸರಾದ ಲೂ ಡಾರ್ಟ್‌ನನ್ನಂತೂ ಬೇಡವೇ ಬೇಡ.

ಎನ್‌ಬಿಎ ಲೆಕ್ಕ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 2025ರ ಐಪಿಎಲ್‌ನಲ್ಲಿ ಪರ್ಸ್ 120 ಕೋಟಿ ಅಂದರೆ 120 ಕೋಟಿ, ಒಂದು ರೂಪಾಯಿ ಮೇಲೆ ಹೋಗುವ ಹಾಗಿರಲಿಲ್ಲ. ಎನ್‌ಬಿಎಯ ಸ್ಯಾಲರಿ ಕ್ಯಾಪ್, ಅಂದರೆ ತಂಡದ ಒಟ್ಟು ಸಂಬಳದ ಮಿತಿ, ಹಾಗಲ್ಲ. 2025-26ರಲ್ಲಿ ಅದು ಸುಮಾರು 15.46 ಕೋಟಿ ಡಾಲರ್, ಆದರೂ ತನ್ನದೇ ಆಟಗಾರನನ್ನು ಉಳಿಸಿಕೊಳ್ಳಲು ತಂಡ ಅದನ್ನು ದಾಟಬಹುದು. ಇನ್ನೂ ಮೇಲೆ ಹೋದರೆ ಲಕ್ಷುರಿ ಟ್ಯಾಕ್ಸ್, ಅಂದರೆ ಮಾಲೀಕರು ಲೀಗ್‌ಗೆ ಕಟ್ಟುವ ದಂಡ. ಅದಕ್ಕೂ ಮೇಲೆ, ಸುಮಾರು 20.78 ಕೋಟಿಯ ಹತ್ತಿರ, ಸೆಕೆಂಡ್ ಏಪ್ರನ್ ಅನ್ನುವ ಗೆರೆ. ಅದನ್ನು ದಾಟಿದವರಿಗೆ ಬರೀ ಹಣದ ದಂಡ ಅಲ್ಲ, ಕೈಕಾಲನ್ನೇ ಕಟ್ಟಿ ಹಾಕುತ್ತಾರೆ. ಇಬ್ಬರು ಆಟಗಾರರ ಸಂಬಳ ಸೇರಿಸಿ ಒಬ್ಬ ದೊಡ್ಡ ಆಟಗಾರನನ್ನು ಟ್ರೇಡ್‌ನಲ್ಲಿ ತರುವ ಹಾಗಿಲ್ಲ. ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು ಡ್ರಾಫ್ಟ್, ಆ ಸರದಿಯೇ ಪಿಕ್; ಏಳು ವರ್ಷ ಮುಂದಿನ ಮೊದಲ ಸುತ್ತಿನ ಪಿಕ್ಕನ್ನು ಯಾರಿಗೂ ಕೊಡುವ ಹಾಗಿಲ್ಲ. ಮುಂದಿನ ನಾಲ್ಕು ವರ್ಷದಲ್ಲಿ ಮತ್ತೆ ಎರಡು ಸಲ ದಾಟಿದರೆ ಆ ಪಿಕ್ ಸುತ್ತಿನ ಕೊನೆಗೆ ಹೋಗಿ ಬೀಳುತ್ತದೆ.

ಬಾಸ್ಟನ್ 2024ರಲ್ಲಿ ಗೆದ್ದಿತು. ಮರುವರ್ಷವೇ ಜ್ರೂ ಹಾಲಿಡೇಯನ್ನೂ ಪೋರ್ಜಿಂಗಿಸ್‌ನನ್ನೂ ಬೇರೆ ತಂಡಗಳಿಗೆ ಕಳಿಸಿತು. ಆ ತಂಡದ ಮುಖ್ಯ ಆಟಗಾರ ಟೇಟಮ್ ಕಾಲಿಗೆ ದೊಡ್ಡ ಪೆಟ್ಟು ಬಿದ್ದಿತ್ತು, ನಿಜ. ಆದರೆ ಆ ಇಬ್ಬರನ್ನು ಹೊರಗೆ ಹಾಕಿದ್ದು ಈ ಗೆರೆ. ಥಂಡರ್ ಕೂಡ ಹೀಗೇ ಮಾಡಬೇಕು ಎಂದು ಹೇಳುವವರು ಬಹಳ ಇದ್ದಾರೆ. ನಾನು ಒಪ್ಪುವುದಿಲ್ಲ.

ಯಾಕೆಂದರೆ ಇದೇ ಊರು ಒಮ್ಮೆ ಈ ನೋವು ತಿಂದಿದೆ. 2012ರಲ್ಲಿ ಡುರಾಂಟ್, ವೆಸ್ಟ್‌ಬ್ರೂಕ್, ಹಾರ್ಡನ್ ಮೂವರೂ ಒಂದೇ ತಂಡದಲ್ಲಿದ್ದರು. ಫೈನಲ್ ಸೋತ ನಾಲ್ಕೇ ತಿಂಗಳಲ್ಲಿ ಹಾರ್ಡನ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟುಬಿಟ್ಟರು. ಅವನು ಕೇಳಿದ ಮ್ಯಾಕ್ಸ್ (ಗರಿಷ್ಠ) ಸಂಬಳ ಕೊಟ್ಟರೆ ಟ್ಯಾಕ್ಸ್ ಜಾಸ್ತಿ ಆಗುತ್ತದೆ ಅನ್ನುವ ಭಯ. ಆಮೇಲೆ ಮೂವರೂ ಎಂವಿಪಿ, ಅಂದರೆ ಲೀಗ್‌ನ ವರ್ಷದ ಶ್ರೇಷ್ಠ ಆಟಗಾರ, ಆದರು: ಡುರಾಂಟ್ 2014ರಲ್ಲಿ, ವೆಸ್ಟ್‌ಬ್ರೂಕ್ 2017ರಲ್ಲಿ, ಹಾರ್ಡನ್ 2018ರಲ್ಲಿ. ಆ ತಂಡ ಒಂದೂ ಕಪ್ ಗೆಲ್ಲಲಿಲ್ಲ. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅವತ್ತಿಗೂ ಇವತ್ತಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. 2019ರಲ್ಲಿ ಥಂಡರ್ ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ಪಾಲ್ ಜಾರ್ಜ್‌ನನ್ನು ಕ್ಲಿಪ್ಪರ್ಸ್‌ಗೆ ಕೊಟ್ಟು ಶೇಯನ್ನು ತಂದರು, ಜೊತೆಗೆ ಐದು ಮೊದಲ ಸುತ್ತಿನ ಪಿಕ್‌ಗಳನ್ನೂ ತಂದರು. ಅದರಲ್ಲಿ ಒಂದು ಪಿಕ್ಕಿನಿಂದ ಬಂದವನೇ ಜೇಲೆನ್ ವಿಲಿಯಮ್ಸ್. ಈಗಲೂ ಅವರ ಬಳಿ ಬೇರೆಯವರ ಪಿಕ್‌ಗಳು ಸಾಕಷ್ಟಿವೆ. ಸೆಕೆಂಡ್ ಏಪ್ರನ್ನಿನ ಶಿಕ್ಷೆ ಬೀಳುವುದು ತಂಡದ ಸ್ವಂತ ಪಿಕ್ಕಿನ ಮೇಲೆ. ಹಾಗಾಗಿ ಆ ಶಿಕ್ಷೆ ತಡೆದುಕೊಳ್ಳುವ ಶಕ್ತಿ ಇಡೀ ಲೀಗ್‌ನಲ್ಲಿ ಯಾರಿಗಾದರೂ ಇದ್ದರೆ ಅದು ಥಂಡರ್‌ಗೆ. ಹೊರಗಿನಿಂದ ದೊಡ್ಡ ಆಟಗಾರನನ್ನು ತರುವ ಅಗತ್ಯವೂ ಅವರಿಗಿಲ್ಲ. ಬೇಕಾಗಿರುವುದು ಕಡಿಮೆ ಸಂಬಳದ ಹುಡುಗರು, ಅವರು ಡ್ರಾಫ್ಟ್‌ನಿಂದಲೇ ಬರುತ್ತಾರೆ.

ಇನ್ನು ಅಸಲಿ ತಲೆನೋವು. ದೊಡ್ಡ ಮೈಯ ಸೆಂಟರ್ ಆಟಗಾರ ಐಸಾಯಾ ಹಾರ್ಟನ್‌ಸ್ಟೈನ್ ಮತ್ತು ಲೂ ಡಾರ್ಟ್, ಇಬ್ಬರ ಒಪ್ಪಂದದಲ್ಲೂ 2026-27 ತಂಡದ ಆಯ್ಕೆ. ಬೇಕಿದ್ದರೆ ಇಟ್ಟುಕೊಳ್ಳಬಹುದು, ಬೇಡವಾದರೆ ಬಿಡಬಹುದು. ಹಾರ್ಟನ್‌ಸ್ಟೈನ್‌ಗೆ 2.85 ಕೋಟಿ ಡಾಲರ್, ಡಾರ್ಟ್‌ಗೆ ಎರಡು ಕೋಟಿಗೂ ಕಡಿಮೆ. ಹಾರ್ಟನ್‌ಸ್ಟೈನ್‌ನನ್ನು ಬಿಡುವುದು ಅಪಾಯ. ಹೋಮ್‌ಗ್ರೆನ್‌ನದು ತೆಳ್ಳನೆ ಮೈ. ಪಾದದ ಗಾಯದಿಂದ ಒಂದು ಇಡೀ ಸೀಸನ್ ಕಳೆದುಕೊಂಡವನು, ಆಮೇಲೆ ಸೊಂಟದ ಮೂಳೆಯೂ ಮುರಿಯಿತು. ರಾತ್ರಿಯಿಡೀ ಎದುರಾಳಿ ತಂಡದ ಯೋಕಿಚ್‌ನಂಥ ದೈತ್ಯರ ಭಾರ ಅವನ ಮೇಲೆ ಹೊರಿಸುವುದು ನ್ಯಾಯವಲ್ಲ. ಉತ್ತರಾಧಿಕಾರಿ ಎಂದು 2025ರಲ್ಲಿ ಆರಿಸಿಕೊಂಡ ಥಾಮಸ್ ಸಾರ್ಬರ್ ಮೊದಲ ಪಂದ್ಯಕ್ಕೆ ಮುಂಚೆಯೇ ಮಂಡಿಯ ಲಿಗಮೆಂಟ್ ಹರಿದುಕೊಂಡ. ಡಾರ್ಟ್ ಜಾಗಕ್ಕಾದರೆ ಕೇಸನ್ ವಾಲೇಸ್ ಇದ್ದಾನೆ, ಕರೂಸೊ ಇದ್ದಾನೆ, ಏಜೇ ಮಿಚೆಲ್ ಇದ್ದಾನೆ. ಕಾಗದದ ಮೇಲಿನ ಲೆಕ್ಕ ಡಾರ್ಟ್‌ನನ್ನೇ ತೋರಿಸುತ್ತದೆ.

ಆದರೆ ಡಾರ್ಟ್ ಯಾರು? 2019ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಹುಡುಗ. ಮರುವರ್ಷ ಪ್ಲೇಆಫ್‌ನಲ್ಲಿ ಹಾರ್ಡನ್‌ನ ಬೆನ್ನು ಬಿಡಲಿಲ್ಲ, ಏಳನೇ ಪಂದ್ಯದಲ್ಲಿ 30 ಪಾಯಿಂಟ್ ಹೊಡೆದ. ತಂಡ ಒಂದು ಸೀಸನ್‌ನಲ್ಲಿ 22, ಮರು ಸೀಸನ್‌ನಲ್ಲಿ 24 ಪಂದ್ಯ ಮಾತ್ರ ಗೆದ್ದ ಆ ಕೆಟ್ಟ ದಿನಗಳಲ್ಲೂ ಅಲ್ಲೇ ಇದ್ದ. 68 ಪಂದ್ಯ ಗೆದ್ದ ವರ್ಷ ಲೀಗ್‌ನ ಅತ್ಯುತ್ತಮ ಡಿಫೆನ್ಸ್ ಆಟಗಾರರ ಪಟ್ಟಿಯಾದ ಆಲ್-ಡಿಫೆನ್ಸಿವ್ ಮೊದಲ ತಂಡಕ್ಕೆ ಆಯ್ಕೆಯಾದ. ಶೇ ಮೇಲಿನ ಹೊರೆ ಕಡಿಮೆ ಮಾಡಿದವನು ಅವನೇ, ಎದುರಾಳಿಯ ಅತಿ ಕಷ್ಟದ ಆಟಗಾರನನ್ನು ಪ್ರತಿ ರಾತ್ರಿ ಹೊತ್ತುಕೊಂಡು.

ಇಲ್ಲಿ ಒಂದು ಮುಖ್ಯ ವಿಷಯ ಜನ ಮರೆಯುತ್ತಾರೆ. ವಿಲಿಯಮ್ಸ್, ಹೋಮ್‌ಗ್ರೆನ್ ಹೊಸ ಸಂಬಳ ಶುರುವಾಗುವುದು 2026-27ಕ್ಕೆ. ಶೇಯ ಹೊಸ ಒಪ್ಪಂದ ಶುರುವಾಗುವುದು ಅದರ ಮರುವರ್ಷ. ಅಂದರೆ 2026-27ರಲ್ಲಿ ಶೇ ಇನ್ನೂ ಹಳೇ ಸಂಬಳದಲ್ಲಿ, ಸುಮಾರು ನಾಲ್ಕು ಕೋಟಿ ಡಾಲರ್‌ಗೆ ಆಡುತ್ತಾನೆ. ಹೊಸದು ಸರಾಸರಿ ಏಳು ಕೋಟಿಗೂ ಮೇಲೆ. ಎಲ್ಲರನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಸಿಗುವ ಕೊನೆಯ ವರ್ಷ ಅದು. ವಾಲೇಸ್‌ನ ರೂಕಿ ಒಪ್ಪಂದ (ಡ್ರಾಫ್ಟ್ ಆದಾಗಿನ ಮೊದಲ ಒಪ್ಪಂದ) ಕೂಡ ಅದೇ ಸೀಸನ್‌ಗೆ ಮುಗಿಯುತ್ತದೆ. ಕಷ್ಟದ ತೀರ್ಮಾನ ಆಗ ಮಾಡಲಿ. ಗೆರೆ ಒಂದು ವರ್ಷ ದಾಟಿದರೆ ಏಪ್ರನ್ನಿನ ಪೂರ್ತಿ ಶಿಕ್ಷೆ ಬೀಳುವುದಿಲ್ಲ. ಅದನ್ನೇ ಅಭ್ಯಾಸ ಮಾಡಿಕೊಂಡವರಿಗೆ ಬೀಳುತ್ತದೆ.

ಮಾಲೀಕರಿಗೆ ಟ್ಯಾಕ್ಸ್ ಹೊರೆ ಆಗುತ್ತದೆ ಅಲ್ವಾ ಅಂತ ಕೇಳುವವರಿಗೆ ಒಂದು ಮಾತು. 2023ರ ಡಿಸೆಂಬರ್‌ನಲ್ಲಿ ಒಕ್ಲಹೋಮ ಸಿಟಿಯ ಜನ ಹೊಸ ಅರೀನಾಗೆ ಮತ ಹಾಕಿದರು. ಕನಿಷ್ಠ 90 ಕೋಟಿ ಡಾಲರ್‌ನ ಕಟ್ಟಡ. ಅದಕ್ಕೆ ಮಾಲೀಕರು ಕೊಡುವುದು 5 ಕೋಟಿ. ಉಳಿದದ್ದರ ಬಹುಪಾಲು ಊರಿನವರು ಅಂಗಡಿಯಲ್ಲಿ ಸಾಮಾನು ಕೊಳ್ಳುವಾಗ ಕಟ್ಟುವ ತೆರಿಗೆಯಿಂದ ಬರುತ್ತದೆ, ಆರು ವರ್ಷ. ಜನ ತಮ್ಮ ಪಾಲು ಕಟ್ಟುತ್ತಿದ್ದಾರೆ. ಮಾಲೀಕರು ಒಂದು ಸೀಸನ್ ಲಕ್ಷುರಿ ಟ್ಯಾಕ್ಸ್ ಕಟ್ಟಿ, ಡಾರ್ಟ್ ಮತ್ತು ಹಾರ್ಟನ್‌ಸ್ಟೈನ್ ಇಬ್ಬರನ್ನೂ ಉಳಿಸಿಕೊಳ್ಳಲಿ.