ಕ್ರಿಸ್‌ಮಸ್ ಬಂತೆಂದು ಅವರಿಗೆ ಗೊತ್ತೇ?

ಲೋಕೋದ್ಧಾರದ ಹಾಡು ಕಟ್ಟುವುದು ಕಷ್ಟವೇನಲ್ಲ. ಎಂಬತ್ತರ ದಶಕದ ಪಾಪ್ ಸಂಗೀತ ಅದಕ್ಕೊಂದು ಅಚ್ಚನ್ನೇ ಮಾಡಿಟ್ಟಿದೆ. ಒಂದು ಬರಗಾಲ, ಒಂದು ಸ್ಟುಡಿಯೊ, ಮೂವತ್ತು ನಲವತ್ತು ಗಾಯಕರಿದ್ದರೆ ಸಾಕು. ಬರ ಬಿದ್ದ ದೇಶದ ತಿಳಿವಳಿಕೆ ಮಾತ್ರ ಬೇಡ, ಅದಿದ್ದರೆ ಪ್ರಾಸ ಕೆಡುತ್ತದೆ.

1984ರ ಅಕ್ಟೋಬರಿನಲ್ಲಿ ಬಿಬಿಸಿ ಇಥಿಯೋಪಿಯಾದ ಕ್ಷಾಮವನ್ನು ತೋರಿಸಿತು. ನವೆಂಬರ್ 25ಕ್ಕೆ ಗಾಯಕರಾದ ಬಾಬ್ ಗೆಲ್ಡಾಫ್ ಮತ್ತು ಮಿಡ್ಜ್ ಯೂರ್ ಲಂಡನ್ನಿನಲ್ಲಿ ಪಾಪ್ ತಾರೆಯರನ್ನು ಕೂಡಿಹಾಕಿ ಹಾಡಿಸಿದರು: ಕ್ರಿಸ್‌ಮಸ್ ಬಂತೆಂದು ಅವರಿಗೆ ಗೊತ್ತೇ? ಇಥಿಯೋಪಿಯಾದ ಅರಸ ಕ್ರೈಸ್ತನಾದದ್ದು ನಾಲ್ಕನೇ ಶತಮಾನದಲ್ಲಿ. ಇಂಗ್ಲೆಂಡಿನ ಕೆಂಟ್ ಅರಸನಿಗೆ ಉಪದೇಶ ಮಾಡಲು ರೋಮಿನಿಂದ ಅಗಸ್ಟಿನ್ ಬಂದಿಳಿದದ್ದು 597ರಲ್ಲಿ. ಅಂದರೆ ಮೊಮ್ಮಗ ಅಜ್ಜನನ್ನು ಕೇಳಿದ ಹಾಗಾಯಿತು. ಅವರ ಕ್ರಿಸ್‌ಮಸ್ 'ಗೆನ್ನಾ' ಬರುವುದು ಜನವರಿ 7ಕ್ಕೆ. ಡಿಸೆಂಬರ್ 25ರಂದು ಕೇಳಿದ್ದರೆ, 'ಇನ್ನೂ 13 ದಿನ ಇದೆಯಲ್ಲ ಸ್ವಾಮಿ' ಎನ್ನುತ್ತಿದ್ದರೇನೋ.

ಅಲ್ಲಿ ನದಿ ಹರಿಯುವುದಿಲ್ಲ ಎಂದೂ ಹಾಡು ಕಣ್ಣೀರಿಡುತ್ತದೆ. ನೀಲಿ ನೈಲ್ ಹೊರಡುವುದೇ ಇಥಿಯೋಪಿಯಾದ ತಾನಾ ಸರೋವರದಿಂದ. ಈಜಿಪ್ಟಿಗೆ ಮುಟ್ಟುವ ನೀರಿನಲ್ಲಿ ಹೆಚ್ಚಿನ ಪಾಲು ಆ ಬೆಟ್ಟಗಳದ್ದು. ಈ ಕ್ರಿಸ್‌ಮಸ್‌ಗೆ ಆಫ್ರಿಕಾದಲ್ಲಿ ಹಿಮ ಬೀಳದು ಎಂಬುದು ಇನ್ನೊಂದು ಕೊರಗು. ಆ ಲೆಕ್ಕಕ್ಕೆ ಮಂಗಳೂರಿನವರು ಹಬ್ಬದ ತಿಂಡಿ ಕುಸ್ವಾರ್‌ನ ಡಬ್ಬಗಳನ್ನು ಅಟ್ಟಕ್ಕೇರಿಸಿ ಅಳುತ್ತಾ ಕೂರಬೇಕು. ಹಸಿವಿಗೆ ಬರದಷ್ಟೇ ಅಂತರ್ಯುದ್ಧವೂ ಅಲ್ಲಿನ ಸರ್ವಾಧಿಕಾರಿ ಮೆಂಗಿಸ್ತುವಿನ ಸರ್ಕಾರವೂ ಕಾರಣವಾಗಿದ್ದವು. ಹಾಡಿನಲ್ಲಿ ಆ ಸುದ್ದಿಯೇ ಇಲ್ಲ. ಪಾಪ, 'ಮೆಂಗಿಸ್ತು'ವಿಗೆ ಪ್ರಾಸ ಎಲ್ಲಿಂದ ತರುತ್ತಾರೆ?

ಬ್ರಿಟಿಷ್ ಸರ್ಕಾರ ಬರಪೀಡಿತರಿಗೆಂದು ಮಾರಿದ ಈ ದಾನದ ಗಾನತಟ್ಟೆಗೂ ವ್ಯಾಟ್ ತೆರಿಗೆ ಹಾಕಿ, ಬೈಸಿಕೊಂಡ ಮೇಲೆ ಅಷ್ಟೇ ಮೊತ್ತ ಹಿಂದಿರುಗಿಸಿತು.

ಅಮೆರಿಕದವರು ಸುಮ್ಮನಿರುತ್ತಾರೆಯೇ? 1985ರ ಜನವರಿ 28ರ ರಾತ್ರಿ ಪ್ರಶಸ್ತಿ ಸಮಾರಂಭ ಮುಗಿಸಿ ನಲವತ್ತಕ್ಕೂ ಹೆಚ್ಚು ತಾರೆಯರು ಹಾಲಿವುಡ್‌ನ ಎ ಆ್ಯಂಡ್ ಎಂ ಸ್ಟುಡಿಯೊಗೆ ಬಂದರು. ಅಹಂಕಾರ ಬಾಗಿಲಲ್ಲೇ ಬಿಟ್ಟು ಬನ್ನಿ ಎಂದು ನಿರ್ಮಾಪಕ ಕ್ವಿನ್ಸಿ ಜೋನ್ಸ್ ಫಲಕ ಹಾಕಿಸಿದ್ದರು. ಬಿಟ್ಟ ಅಹಂಕಾರಗಳನ್ನು ಸಮಾಧಾನಪಡಿಸಲು ಸುಮಾರು ಇಪ್ಪತ್ತು ಮಂದಿಗೆ ಸಾಲು ಹಂಚಿ, ಉಳಿದವರನ್ನು ಮೇಳಕ್ಕೆ ಸೇರಿಸಿದರು. ಮದುವೆಮನೆಯಲ್ಲಿ ಮೈಕ್ ಹಿಡಿದು ಮುಯ್ಯಿ ಓದಿದಂತೆ, ಯಾರದೂ ಬಿಟ್ಟುಹೋಗಬಾರದು. ನಡುವೆ ಗಾಯಕ ಸ್ಟೀವಿ ವಂಡರ್, ಒಂದು ಸಾಲು ಸ್ವಾಹಿಲಿಯಲ್ಲಿರಲಿ ಎಂದರು. ಇಥಿಯೋಪಿಯಾದಲ್ಲಿ ಸ್ವಾಹಿಲಿ ಆಡುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಹಾಡಿನ ಹೆಸರು 'ನಾವೇ ಜಗತ್ತು' (ವಿ ಆರ್ ದ ವರ್ಲ್ಡ್), ಅಂದರೆ ಉಳಿದವರು ಫಲಾನುಭವಿಗಳು.

ಇಂಥ ಹಾಡಿನ ನಿಜವಾದ ಕಸುಬು ಇರುವುದು ಪಲ್ಲವಿಯಲ್ಲಿ. ಹೇಳುವುದು ಒಂದೇ ಮಾತು, ತುಂಬಬೇಕಾದದ್ದು ಆರೇಳು ನಿಮಿಷ. ನಾಲ್ಕನೇ ಸಲಕ್ಕೆ ಕೇಳುಗ ಆಕಳಿಸುತ್ತಾನೆ. ಆಗ ಶ್ರುತಿ ಏರಿಸಬೇಕು. ಅಮೆರಿಕದ ಈ ಹಾಡಿನಲ್ಲಿ ಅದು 'ಇ'ಯಿಂದ 'ಎಫ್'ಗೆ ಏರುತ್ತದೆ, ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ 3 ಮನೆಯಿಂದ 4 ಮನೆಗೆ. ಏರುವುದು ಅರ್ಧ ಸ್ವರವಾದರೂ ಕೇಳುಗನಿಗೆ ತನ್ನ ಆತ್ಮವೇ ಮೇಲೆದ್ದ ಹಾಗಾಗುತ್ತದೆ. ಅವಸರಪಟ್ಟು ಎರಡನೇ ಪಲ್ಲವಿಗೇ ಏರಿಸಿದರೆ ಕೊನೆಗೆ ಮತ್ತೊಮ್ಮೆ ಏರಿಸಬೇಕಾಗಿ ಬಂದು ತಗ್ಗು ದನಿಯವರ ಗಂಟಲು ಕಿತ್ತುಹೋಗುತ್ತದೆ. ಶ್ರುತಿಯ ಜೊತೆ ಚಪ್ಪಾಳೆಯನ್ನೂ ಸೇರಿಸಿದರೆ ಉಪದೇಶ ಸಂಪೂರ್ಣ.

ದುಡ್ಡು ಬಂದದ್ದು ಸುಳ್ಳಲ್ಲ. ಅಮೆರಿಕದ ಹಾಡೊಂದೇ 6 ಕೋಟಿ ಡಾಲರ್‌ಗೂ ಹೆಚ್ಚು ತಂದಿತು. ಹೊಟ್ಟೆಗೆ ಸೇರಿದ ಕಾಳಿನ ಬಗ್ಗೆ ತಕರಾರಿಲ್ಲ, ತಕರಾರು ಪದ್ಯದ ಬಗ್ಗೆ.

2014ರಲ್ಲಿ ಎಬೋಲಾ ಬಂತು. ಗೆಲ್ಡಾಫ್ ಮತ್ತೆ ಗಾಯಕರನ್ನು ಕೂಡಿಸಿ, ಕೆಲವು ಸಾಲು ಬದಲಿಸಿ, ಅದೇ ಹಾಡನ್ನು ಹಾಡಿಸಿದರು. ರೋಗ ಹರಡಿದ್ದ ಗಿನಿ ಮತ್ತು ಸಿಯೆರಾ ಲಿಯೋನ್‌ಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಹಾಡಿನ ಹೆಸರನ್ನು ಮಾತ್ರ ಯಾರೂ ಮುಟ್ಟಲಿಲ್ಲ: ಕ್ರಿಸ್‌ಮಸ್ ಬಂತೆಂದು ಅವರಿಗೆ ಗೊತ್ತೇ?