"ನಡ್ಯಾಂವ ನೀನು, ರೊಕ್ಕ ನಮ್ದ್ಯಾಕ?"

ಮನೆಯ ವಾಟ್ಸಾಪ್ ಗುಂಪಿನಲ್ಲಿ ನಾನೊಂದು ಲಿಂಕ್ ಹಾಕಿದ್ದೆ. ಮೇ ತಿಂಗಳಲ್ಲಿ ಆಫೀಸಿನ ಎಂಟು ಜನ ಸೇರಿ ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಉದ್ದಕ್ಕೂ ನಡೆಯುತ್ತೇವೆ, 135 ಕಿಲೋಮೀಟರ್, ಆರು ದಿನ. ನಾನಿರುವ ನ್ಯೂಕಾಸಲ್ಲಿನ ಒಂದು ಹಾಸ್ಪಿಸ್‌ಗೆ, ಅಂದರೆ ಗುಣವಾಗದ ಕಾಯಿಲೆಯವರನ್ನು ಕೊನೆಯವರೆಗೂ ನೋಡಿಕೊಳ್ಳುವ ಮನೆಗೆ, ಹಣ ಕೂಡಿಸುತ್ತಿದ್ದೇವೆ, ಕೈಲಾದಷ್ಟು ಕೊಡಿ ಅಂತ. ಎರಡು ದಿನ ಯಾರೂ ಉಸಿರೆತ್ತಲಿಲ್ಲ. ಮೂರನೇ ದಿನ ಕಾಕಾ ವಾಯ್ಸ್ ಮೆಸೇಜ್ ಕಳಿಸಿದರು. "ತಮ್ಮಾ, ನಡ್ಯಾಂವ ನೀನು, ರೊಕ್ಕ ನಮ್ದ್ಯಾಕ?" ಹಿಂದೆ ಕಾಕು ನಕ್ಕಿದ್ದೂ ಕೇಳಿಸಿತು.

ಚುಚ್ಚಿತು. ಆದರೆ ಕಾಕಾ ಜುಗ್ಗ ಅಂತ ಮಾತ್ರ ಹೇಳುವ ಹಾಗಿಲ್ಲ. ನಮ್ಮೂರು ಇಳಕಲ್ಲಿನ ಹತ್ತಿರ, ಮನೆ ರಸ್ತೆಗೇ ಇದೆ. ಯುಗಾದಿಗೆ ಮುಂಚೆ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ನಡೆದು ಹೊರಟವರೆಲ್ಲ ನಮ್ಮ ಕಟ್ಟೆಯ ಮುಂದೆಯೇ ಹಾದು ಹೋಗಬೇಕು. ಜಮಖಂಡಿ, ಮುಧೋಳ, ಬಾಗಲಕೋಟೆ ಕಡೆಯಿಂದ ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡವರು, ಕೂಸನ್ನು ಬಗಲಿಗೆ ಹಾಕಿಕೊಂಡ ಹೆಣ್ಣುಮಕ್ಕಳು. ಕಾಕಾ ಪ್ರತಿ ವರ್ಷ ಶಾಮಿಯಾನ ಹಾಕಿಸುತ್ತಾರೆ. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಮಾದಲಿ, ಮಜ್ಜಿಗೆ. ಬರುವವರು ಎಷ್ಟು ಜನ ಅಂತ ಯಾರೂ ಎಣಿಸುವುದಿಲ್ಲ. ಹಿಟ್ಟು ಮುಗಿದರೆ ಪಕ್ಕದ ಮನೆಯಿಂದ ಬರುತ್ತದೆ, ಅಷ್ಟೇ.

ಹತ್ತು ವರ್ಷದವನಿದ್ದಾಗ ನನ್ನ ಕೆಲಸ ಬಿಸಿನೀರಿನ ಬಕೆಟ್ ಹೊರುವುದು. ಒಬ್ಬ ಮುದುಕರ ಪಾದ ಇನ್ನೂ ಕಣ್ಣಮುಂದಿದೆ. ಹಿಮ್ಮಡಿ ಒಡೆದು ಬೇಸಿಗೆಯ ಎರೆ ಹೊಲದಂತಾಗಿತ್ತು. ಕಾಕಾ, ಊರಲ್ಲಿ ಯಾರಿಗೂ ತಲೆಬಾಗದ ಮನುಷ್ಯ, ನೆಲದ ಮೇಲೆ ಕೂತು ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು. ಮುದುಕರು ಸಂಕೋಚದಿಂದ ಕಾಲೆಳೆದುಕೊಂಡರೆ, "ಇರ್ಲಿ ಬಿಡ್ರಿ, ನಾ ನಿಮಗ ಮಾಡಾಕ್ ಹತ್ತಿಲ್ಲ" ಅಂದರು. ಅಲ್ಲಿ ಥ್ಯಾಂಕ್ಸ್ ಹೇಳುವವರೇ ಇರಲಿಲ್ಲ. ಹೇಳಬೇಕಾದರೆ ಉಣಿಸಿದವರೇ ಹೇಳಬೇಕು.

ಈಗ ನ್ಯೂಕಾಸಲ್ಲಿನಲ್ಲಿ ನಾನು ಹಳದಿ ಟೀಶರ್ಟ್ ಹಾಕಿಕೊಂಡು, ಎದೆಯ ಮೇಲೆ ಹಾಸ್ಪಿಸ್‌ನ ಹೆಸರು ಅಂಟಿಸಿಕೊಂಡು ನಡೆಯುವವನು. ಇಲ್ಲಿ ಮೊದಲು ಪೇಜ್ ಮಾಡಬೇಕು, ಗುರಿ ಹಾಕಬೇಕು, ಗೊತ್ತಿದ್ದವರನ್ನೆಲ್ಲ ಕೇಳಬೇಕು. ನಾನು ಕಷ್ಟಪಡುತ್ತೇನೆ, ಅದಕ್ಕೆ ನೀವು ಕೊಡಿ, ಅನ್ನುವ ಲೆಕ್ಕ. ಇಲ್ಲಿಯವರಿಗೆ ಇದು ವಿಚಿತ್ರ ಅನಿಸುವುದೇ ಇಲ್ಲ. 2020ರಲ್ಲಿ ಕ್ಯಾಪ್ಟನ್ ಟಾಮ್ ಮೂರ್ ಅನ್ನುವ 99 ವರ್ಷದ ಅಜ್ಜ ವಾಕರ್ ಹಿಡಿದು ತನ್ನ ಮನೆಯಂಗಳದಲ್ಲೇ ನೂರು ಸುತ್ತು ಹಾಕಿದರು. ಸರ್ಕಾರಿ ಆರೋಗ್ಯ ಸೇವೆಯ ದತ್ತಿಗಳಿಗೆ 3 ಕೋಟಿ 20 ಲಕ್ಷ ಪೌಂಡಿಗೂ ಜಾಸ್ತಿ ಬಂತು. "ನಡೆಯುವವನು ನೀನು" ಅಂತ ಅವರಿಗೆ ಯಾರೂ ಅನ್ನಲಿಲ್ಲ, ನೋಡಿ.

ನಡಿಗೆ ವಾಲ್ಸೆಂಡಿನಿಂದ ಶುರು. ಪೂರ್ವದಿಂದ ಪಶ್ಚಿಮಕ್ಕೆ ಹೋಗುವುದರಿಂದ ಗಾಳಿ ಮಳೆ ಎರಡೂ ನೇರ ಮುಖಕ್ಕೆ. ಮೊದಲ ದಿನ ಊರು ದಾಟುವುದರಲ್ಲೇ ಕಳೆಯಿತು, ಅದರ ಬಗ್ಗೆ ಹೇಳಲು ಏನೂ ಇಲ್ಲ. ಗೋಡೆ ಅಂತ ಕಾಣಿಸುವುದೇ ಆಮೇಲೆ. ಕ್ರಿಸ್ತಶಕ 122ರಲ್ಲಿ ರೋಮನ್ನರು ಶುರುಮಾಡಿದ ಗೋಡೆ, ಈಗ ಕೆಲವೆಡೆ ಸೊಂಟದೆತ್ತರ, ಕೆಲವೆಡೆ ಅದೂ ಇಲ್ಲ. ಹೌಸ್‌ಸ್ಟೆಡ್ಸ್ ಅನ್ನುವ ಹಳೇ ರೋಮನ್ ಕೋಟೆ ದಾಟಿದ ಮೇಲೆ ಸಿಕಮೋರ್ ಗ್ಯಾಪ್, ಎರಡು ದಿಬ್ಬಗಳ ನಡುವೆ ಒಂಟಿ ಮರವೊಂದು ನಿಂತಿದ್ದ ಹೆಸರಾಂತ ಜಾಗ. 2023ರ ಸೆಪ್ಟೆಂಬರಿನಲ್ಲಿ ರಾತ್ರೋರಾತ್ರಿ ಕಡಿದರಲ್ಲ, ಆ ಮರದ ಬೊಡ್ಡೆ ಅಲ್ಲಿದೆ. ಜನ ಸಾವಿನ ಮನೆಗೆ ಬಂದವರ ಹಾಗೆ ಸುಮ್ನೆ ನಿಂತು ನೋಡಿ ಹೋಗುತ್ತಾರೆ.

ಅಷ್ಟರಲ್ಲಿ ನನ್ನ ಎಡಗಾಲಿನ ಹೆಬ್ಬೆರಳ ಬೊಬ್ಬೆ ಒಡೆದಿತ್ತು. ಮುಂದೆ ಒಂದು ಕಡೆ ದಾರಿಬದಿಯಲ್ಲಿ ಪುಟ್ಟ ಶೆಡ್ಡು. ಒಳಗೆ ಬಿಸ್ಕತ್ತು, ಸೋಡಾ ಕ್ಯಾನು, ಬ್ಯಾಂಡೇಜು ಕೂಡ. ಪ್ರತಿಯೊಂದಕ್ಕೂ ಬೆಲೆ ಬರೆದ ಚೀಟಿ, ಪಕ್ಕದಲ್ಲಿ ದುಡ್ಡು ಹಾಕಲು ಒಂದು ತಗಡಿನ ಡಬ್ಬಿ. ಕಾಯಲು ಯಾರೂ ಇಲ್ಲ. ನನಗೆ ಸಿಟ್ಟೇ ಬಂತು. ಕುಂಟುತ್ತಾ ಬಂದವನಿಗೆ ಬ್ಯಾಂಡೇಜು ಮಾರುತ್ತಾರಾ? ನಮ್ಮೂರ ಶಾಮಿಯಾನದಲ್ಲಿ ಮಜ್ಜಿಗೆ ಲೋಟಕ್ಕೆ ಚೀಟಿ ಅಂಟಿಸಿದ್ದರೆ ಊರೇ ಉಗಿಯುತ್ತಿತ್ತು. ಒಂದು ಪೌಂಡ್ ಹಾಕಿ, ಗೊಣಗುತ್ತಾ ಹೊರಗಿನ ಕಲ್ಲಿನ ಮೇಲೆ ಕೂತೆ.

ನಾಯಿ ತಿರುಗಾಡಿಸುತ್ತಿದ್ದ ಒಬ್ಬ ಹೆಂಗಸು ನಿಂತರು. ಎಪ್ಪತ್ತರ ಮೇಲಿನವರು. ನನ್ನ ಕಾಲನ್ನಲ್ಲ, ಟೀಶರ್ಟನ್ನು ಓದಿದರು. "ಯಾರಿಗೋಸ್ಕರ ನಡೆಯುತ್ತಿದ್ದೀರಿ?" ಅಂದರು. ನಾನು ಹಾಸ್ಪಿಸ್ ಬಗ್ಗೆ ಹೇಳಲು ಹೋದೆ. ಅಲ್ಲ, ನಿಮ್ಮವರು ಯಾರು, ಅಂತ ಮತ್ತೆ ಕೇಳಿದರು. ಕೇಳುತ್ತಿದ್ದಂತೆ ಮೈ ಜುಮ್ಮೆಂದಿತು. ನಮ್ಮ ಕಟ್ಟೆಯ ಮೇಲೆ ಕಾಕು ಕೇಳುತ್ತಿದ್ದ "ಯಾರ ಹರಕಿರೀ?" ಇದೇ ಅಲ್ವಾ?

ಅಜ್ಜಿ ಅಂದೆ. ಅಜ್ಜಿ ಕೊನೆಯ ಎರಡು ತಿಂಗಳು ನಡುಮನೆಯಲ್ಲಿ ಮಲಗಿ ನೋವಿಗೆ ಹಲ್ಲು ಕಚ್ಚುತ್ತಿದ್ದಳು. ನೋವನ್ನು ತಗ್ಗಿಸುವುದಕ್ಕೇ ಒಂದು ಚಿಕಿತ್ಸೆ ಇದೆ ಅಂತ ನಮಗೆ ಯಾರೂ ಹೇಳಲಿಲ್ಲ. ಬೆಂಗಳೂರಿನಲ್ಲಿ ಕರುಣಾಶ್ರಯ ಅನ್ನುವ ಇಂಥದ್ದೇ ಹಾಸ್ಪಿಸ್ ಇದೆ, ಅಲ್ಲಿ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ ಅನ್ನುವುದೂ ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ಆ ಹೆಂಗಸು ಜೇಬಿನಿಂದ ಹತ್ತು ಪೌಂಡಿನ ನೋಟು ತೆಗೆದು ನನ್ನ ಕೈಯಲ್ಲಿಟ್ಟರು. "ನನ್ನ ಗಂಡನೂ ಅಂಥ ಕಡೆಯೇ ಹೋದರು" ಅಂದು ನಾಯಿಯನ್ನು ಎಳೆದುಕೊಂಡು ಹೊರಟರು. ಚಹಾ ಕುಡಿಯಲು ಮನೆಗೆ ಬಾ ಅನ್ನಲಿಲ್ಲ. ನಮ್ಮವರಾಗಿದ್ದರೆ ಬಿಡುತ್ತಿದ್ದರಾ ಅಂತ ಆಗಲೂ ಅನಿಸಿತು, ಸುಳ್ಳೇಕೆ ಹೇಳಲಿ.

ಹೇಳಲು ಮನಸ್ಸಿಲ್ಲದ ಒಂದು ಮಾತಿದೆ. ಒಂದು ಮಳೆಗಾಲ, ಯುಗಾದಿಯೂ ಇಲ್ಲ ಜಾತ್ರೆಯೂ ಇಲ್ಲ, ಒಬ್ಬ ಹುಡುಗ ಬೆನ್ನಿಗೆ ಬೋರ್ಡು ಕಟ್ಟಿಕೊಂಡು ನಮ್ಮೂರಿಗೆ ನಡೆದು ಬಂದಿದ್ದ. ಗಿಡ ಉಳಿಸಿ ಅಂತ ಬರೆದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕೂತವರು "ಇದರಾಗ ನಿನಗೇನ್ ಸಿಗ್ತೈತಿ?" ಅಂದರು. ಆಮೇಲೆ "ಯಾವೂರು? ಯಾರ ಪೈಕಿ?" ಆ ಎರಡನೇ ಪ್ರಶ್ನೆಯ ಅರ್ಥ ನಮಗೆಲ್ಲ ಗೊತ್ತು. ಅವನಿಗೆ ಯಾರೂ ಬಿಸಿನೀರು ಕೊಡಲಿಲ್ಲ. ನಕ್ಕವರಲ್ಲಿ ನಾನೂ ಇದ್ದೆ. ಇನ್ನು ಆ ತಗಡಿನ ಡಬ್ಬಿ ನಮ್ಮ ರಸ್ತೆಯಲ್ಲಿ ಎಷ್ಟು ದಿನ ಉಳಿಯುತ್ತಿತ್ತು ಅನ್ನುವುದನ್ನು ನಾನು ಯೋಚಿಸಲು ಹೋಗುವುದಿಲ್ಲ.

ಆರನೇ ದಿನ ದಾರಿಯ ಪಶ್ಚಿಮ ತುದಿಯಾದ ಬೋನೆಸ್‌ನಲ್ಲಿ ಸಮುದ್ರ ಕಂಡಾಗ ಫೋಟೋ ಹಾಕಿದೆ. ಕಾಕಾ ಫೋನ್ ಮಾಡಿದರು. ಮೊದಲು ಕೇಳಿದ್ದು "ಪಾದ ಹೆಂಗದಾವ?" ಅಂತ. ಅಜ್ಜಿಯ ಹೆಸರಿನಲ್ಲಿ ನಡೆದೆ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಮೊದಲೇ ಹೇಳಬಾರದಿತ್ತೇನಲೇ ಅಂತ ಬೈದು, ಐದುನೂರಾ ಒಂದು ರೂಪಾಯಿ ಅವ್ವನ ಕೈಗೆ ಕೊಡುತ್ತೇನೆ, ನೀನು ಅಲ್ಲಿ ಕಟ್ಟು ಅಂದರು. "ನನ್ನ ಹೆಸರು ಬ್ಯಾಡ. ಮಲ್ಲಯ್ಯ ಅಂತ ಬರಿ."

ಬರೆದೆ. ಇಲ್ಲಿ ತೆರಿಗೆ ಕಟ್ಟುವವರು ದಾನ ಕೊಟ್ಟರೆ ಪೌಂಡಿಗೆ ಇಪ್ಪತ್ತೈದು ಪೆನ್ಸ್ ಸರ್ಕಾರ ಸೇರಿಸುತ್ತದೆ. ಹಾಗಾಗಿ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಮಲ್ಲಯ್ಯ ಅವರೇ, ನೀವು ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುತ್ತೀರಾ? ಇಲ್ಲ ಅಂತ ಒತ್ತಿದೆ.